ಗೇಮ್ ಖರ್ಚಿನ ಸಮೀಕ್ಷೆ: ಯಾವ ಲೆಕ್ಕ ನಂಬೋದು?

ಮೊಬೈಲ್ ಗೇಮಿಗೆ ಜನ ಎಷ್ಟು ಖರ್ಚು ಮಾಡುತ್ತಾರೆ ಎಂಬ ಸಮೀಕ್ಷೆಗಳ ಬಗ್ಗೆ ಈ ಸಲ ಮೂವರು ಕೇಳಿದ್ದಾರೆ. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ, ಮನೆ ಮನೆ ಸಮೀಕ್ಷೆಯಲ್ಲಿ ಪಳಗಿದ ಅಧ್ಯಾಪಕರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ಮಗ ಪ್ಲಸ್ ಟು ಓದುತ್ತಿದ್ದಾನೆ. ಮೊಬೈಲಿನಲ್ಲಿ ಗೇಮ್ ಆಡುತ್ತಾನೆ, ಅದಕ್ಕೆ ದುಡ್ಡೂ ಹಾಕುತ್ತಾನೆ. ಗೇಮ್ ಆಡುವವರು ತಿಂಗಳಿಗೆ ಸರಾಸರಿ ಇಷ್ಟು ಖರ್ಚು ಮಾಡುತ್ತಾರೆ ಅಂತ ಮೊನ್ನೆ ಪೇಪರಿನಲ್ಲಿ ಬಂದಿತ್ತು. ಅದನ್ನು ತೋರಿಸಿ "ನೋಡಮ್ಮ, ನಾನು ಸರಾಸರಿಗಿಂತ ಕಡಿಮೆ" ಅನ್ನುತ್ತಾನೆ. ಅದೇ ವಾರ ವಾಟ್ಸಾಪಿನಲ್ಲಿ ಬಂದ ಇನ್ನೊಂದು ಸಮೀಕ್ಷೆಯಲ್ಲಿ ಆ ಮೊತ್ತದ ಹತ್ತು ಪಟ್ಟು ಇತ್ತು. ಯಾವುದು ಸರಿ?
— ಬದಿಯಡ್ಕದ ಒಬ್ಬ ತಾಯಿ

ಉತ್ತರ: ಅಕ್ಕಾ, ಎರಡೂ ಸರಿ ಇರಬಹುದು. ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಗೇಮ್ ಆಡುವ 100 ಹುಡುಗರಿದ್ದಾರೆ ಅಂತ ಇಟ್ಟುಕೊಳ್ಳಿ. ಇದು ನಾನು ಉದಾಹರಣೆಗೆ ಹಾಕಿದ ಲೆಕ್ಕ. ಅವರಲ್ಲಿ 90 ಜನ ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ಪುಕ್ಕಟೆ ಆಡುತ್ತಾರೆ. 8 ಜನ ತಿಂಗಳಿಗೆ 100 ರೂಪಾಯಿ ಹಾಕುತ್ತಾರೆ. ಉಳಿದ ಇಬ್ಬರು 5,000 ರೂಪಾಯಿ ಹಾಕುತ್ತಾರೆ. ಒಟ್ಟು 10,800 ರೂಪಾಯಿ ಆಯಿತು. 100 ಜನಕ್ಕೆ ಹಂಚಿದರೆ ಸರಾಸರಿ 108. ದುಡ್ಡು ಹಾಕಿದ 10 ಜನಕ್ಕೆ ಮಾತ್ರ ಹಂಚಿದರೆ 1,080. ನಿಮ್ಮ ಹತ್ತು ಪಟ್ಟು ಬಂತಲ್ಲ! ಒಂದು ವರದಿ "ಗೇಮ್ ಆಡುವವರ ಸರಾಸರಿ" ಅಂದಿರುತ್ತದೆ, ಇನ್ನೊಂದು "ಹಣ ಕೊಡುವವರ ಸರಾಸರಿ" ಅಂದಿರುತ್ತದೆ. ತಲೆಬರಹದಲ್ಲಿ ಆ ಒಂದು ಪದ ಬಿದ್ದುಹೋಗುತ್ತದೆ.

ಇನ್ನು ಮಗನ ವಾದ. ಅದೇ ಕಾಗದ ನೋಡಿ. ಸರಾಸರಿ 108. ಸೊನ್ನೆ ಹಾಕಿದ 90 ಜನ ಅದಕ್ಕಿಂತ ಕಡಿಮೆ. 100 ಹಾಕಿದ 8 ಜನವೂ ಕಡಿಮೆಯೇ. ಅಂದರೆ 100ರಲ್ಲಿ 98 ಜನ "ನಾನು ಸರಾಸರಿಗಿಂತ ಕಡಿಮೆ" ಅಂತ ಅಮ್ಮನ ಹತ್ತಿರ ಹೇಳಬಹುದು. ನಡುವಿನ ಹುಡುಗ, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ನಿಲ್ಲುವವನು, ಸೊನ್ನೆ ಖರ್ಚಿನವನು. ಖರ್ಚಿನ ವರದಿ ಓದುವಾಗ ನಾನು ಮೊದಲು ಹುಡುಕುವುದು ಈ ನಡುವಿನವನ ಅಂಕಿಯನ್ನು. ಅದನ್ನು ಕೊಡದೆ ಬರೀ ಸರಾಸರಿ ಕೊಟ್ಟಿದ್ದರೆ ನನಗೆ ಆ ವರದಿಯ ಮೇಲೆ ಅರ್ಧ ನಂಬಿಕೆ ಹೋಗುತ್ತದೆ.

ಸುಮ್ನೆ ಹಾಕಿದ ಲೆಕ್ಕವಾದರೂ ಪುಕ್ಕಟೆ ಗೇಮ್‌ಗಳ ವ್ಯಾಪಾರ ನಡೆಯುವುದು ಹೀಗೆಯೇ. ಆಡುವವರಲ್ಲಿ ಜಾಸ್ತಿ ಜನ ಏನೂ ಕೊಡುವುದಿಲ್ಲ. ಕೆಲವೇ ಕೆಲವರಿಂದ ದೊಡ್ಡ ಮೊತ್ತ ಬರುತ್ತದೆ. ಕಂಪನಿಯವರು ಇವರಿಗೆ 'ತಿಮಿಂಗಿಲ' ಅಂತ ಹೆಸರಿಟ್ಟಿದ್ದಾರೆ. ಮಕ್ಕಳನ್ನು ಹಾಗೆ ಕರೆಯುವುದು ನನಗೆ ಹಿಡಿಸುವುದಿಲ್ಲ.

ಇದರಿಂದ ಸಮೀಕ್ಷೆಗೆ ದೊಡ್ಡ ಪೆಟ್ಟು ಬೀಳುತ್ತದೆ. ನಮ್ಮ ಕಡೆ ಅಡಿಕೆ ವ್ಯಾಪಾರಿ ಗೋಣಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ನೋಡುತ್ತಾರೆ. ಬಾಯಿಯಿಂದ, ನಡುವಿನಿಂದ, ಅಡಿಯಿಂದ ತೆಗೆದರೆ ಗೋಣಿಯ ಅಂದಾಜು ಸಿಗುತ್ತದೆ. ಒಂದು ಅಡಿಕೆಗೂ ಇನ್ನೊಂದಕ್ಕೂ ತೂಕದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲವಲ್ಲ. ಎರಡೇ ಅಡಿಕೆ ಇಡೀ ಗೋಣಿಯಷ್ಟು ಭಾರ ಇದ್ದರೆ? ನಮ್ಮ 100 ಹುಡುಗರಿಂದ ಚೀಟಿ ಎತ್ತಿ 10 ಜನರನ್ನು ಆರಿಸಿ ನೋಡಿ. ಹೀಗೆ 100 ಸಲ ಮಾಡಿದರೆ ಸುಮಾರು 80 ಸಲ ಆ ಇಬ್ಬರಲ್ಲಿ ಒಬ್ಬನೂ ಕೈಗೆ ಸಿಗುವುದಿಲ್ಲ. ಆಗ ಸರಾಸರಿ ಸೊನ್ನೆಯೋ, ಹತ್ತೋ, ಇಪ್ಪತ್ತೋ ರೂಪಾಯಿ ಬರುತ್ತದೆ. ಉಳಿದ 20 ಸಲ ಒಬ್ಬನಾದರೂ ಸಿಕ್ಕಿಬಿಡುತ್ತಾನೆ. ಆಗ ಸರಾಸರಿ 500ಕ್ಕೆ ಹಾರುತ್ತದೆ. ನಿಜವಾದ 108 ಒಂದು ಸಲವೂ ಬರುವುದಿಲ್ಲ. ಚೀಟಿ ಎತ್ತಿದವರು ಪ್ರಾಮಾಣಿಕರೇ, ಉತ್ತರ ಕೊಟ್ಟ ಹುಡುಗರೂ ಪ್ರಾಮಾಣಿಕರೇ. ಆದರೂ ಲೆಕ್ಕ ಹೀಗೆ ಬರುತ್ತದೆ.

ಸಾವಿರ ಜನರನ್ನು ಕೇಳಿದರೆ ಶೇಕಡಾ 3ರಷ್ಟು ಮಾತ್ರ ಹೆಚ್ಚುಕಮ್ಮಿ ಆಗುತ್ತದೆ ಎನ್ನುವುದನ್ನು ನೀವು ಓದಿರಬಹುದು. ಅದು "ಗೇಮ್ ಆಡ್ತೀರಾ, ಇಲ್ವಾ" ಎಂಬಂಥ ಪ್ರಶ್ನೆಗೆ, ಅದೂ ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿದ್ದರೆ ಮಾತ್ರ. ರೂಪಾಯಿಯ ಸರಾಸರಿಗೆ ಆ ಭರವಸೆ ಇಲ್ಲ.

ಹುಡುಗರು ಪ್ರಾಮಾಣಿಕರು ಅಂದೆ. ಆದರೆ ನೆನಪು ಕೈಕೊಡುತ್ತದೆ. ಬಿಜಿಎಂಐ ಎಂಬ ಗೇಮ್ ಆಡುವವನು ರೂಪಾಯಿ ಕೊಟ್ಟು ಮೊದಲು ಯು.ಸಿ. ಎಂಬ ಗೇಮಿನೊಳಗಿನ ದುಡ್ಡು ತೆಗೆದುಕೊಳ್ಳುತ್ತಾನೆ. ಫ್ರೀ ಫೈರ್‌ನಲ್ಲಾದರೆ ಡೈಮಂಡ್. ಆಮೇಲೆ ಬಟ್ಟೆ, ಬಂದೂಕಿನ ಬಣ್ಣ ಎಲ್ಲ ಕೊಳ್ಳುವುದು ಆ ಡೈಮಂಡಿನಲ್ಲಿ. ರೂಪಾಯಿ ಕಣ್ಣಿಗೆ ಬೀಳುವುದು ಮೊದಲ ಹೆಜ್ಜೆಯಲ್ಲಿ ಮಾತ್ರ. ತಿಂಗಳ ಕೊನೆಗೆ ಕೇಳಿದರೆ "ನೂರೋ ಇನ್ನೂರೋ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಗಲ್ಫಿನಲ್ಲಿರುವ ಮಾವ ಅಲ್ಲಿಂದಲೇ ಟಾಪ್‌ಅಪ್ ಮಾಡಿಸಿದ್ದರೆ ಅದು ಅವನ ಲೆಕ್ಕಕ್ಕೇ ಬರುವುದಿಲ್ಲ. "ನೀನು ಎಷ್ಟು ಖರ್ಚು ಮಾಡಿದೆ" ಅಂದರೆ "ಸೊನ್ನೆ" ಅನ್ನುತ್ತಾನೆ. ಅದೂ ನಿಜವೇ, ಅಲ್ವಾ? ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇಂಥ ಮಾವಂದಿರು ಇಲ್ಲದ ಊರು ಯಾವುದು?

ಯಾರ ಎದುರು ಕೇಳುತ್ತೇವೆ ಎನ್ನುವುದೂ ದೊಡ್ಡ ವಿಷಯ. ವಿದ್ಯಾರ್ಥಿಗಳ ಜೊತೆ ಮನೆ ಮನೆ ತಿರುಗುತ್ತಿದ್ದಾಗ ಒಂದು ಮನೆಯ ಜಗಲಿಯಲ್ಲಿ ಕೂತಿದ್ದೆವು. ಹುಡುಗನ ಪಕ್ಕದಲ್ಲಿ ಅಪ್ಪ. ಗೇಮಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದೆವು. ಹುಡುಗ ಅಪ್ಪನ ಮುಖ ನೋಡಿ "ಏನಿಲ್ಲ" ಅಂದ. ನಮ್ಮ ವಿದ್ಯಾರ್ಥಿನಿ ಸೊನ್ನೆ ಬರೆದಳು. ಅಷ್ಟರಲ್ಲಿ ಅಪ್ಪ ತೋಟದ ಪಂಪು ಬಂದ್ ಮಾಡಲು ಎದ್ದು ಹೋದರು. ಹುಡುಗ ಬಾಯಿ ಬಿಡಲಿಲ್ಲ. ಮೂರು ಬೆರಳು ಎತ್ತಿ ತೋರಿಸಿದ. "ಮುನ್ನೂರಾ?" ಅಂದರೆ ತಲೆ ಅಲ್ಲಾಡಿಸಿದ. ಸೊನ್ನೆ ಹೊಡೆದು ಹಾಕಿ 300 ಬರೆದೆವು. ಅಪ್ಪ ಎದ್ದು ಹೋಗದ ಮನೆಗಳಲ್ಲಿ ನಾವು ಏನು ಬರೆದುಕೊಂಡು ಬಂದೆವು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಾಗಾಗಿ ಅಕ್ಕಾ, ಮಗನ ಖರ್ಚು ಗೊತ್ತಾಗಬೇಕಾದರೆ ಸಮೀಕ್ಷೆ ಬಿಡಿ. ಇಬ್ಬರೂ ಕೂತು ಅವನ ಫೋನಿನ ಪ್ಲೇ ಸ್ಟೋರ್ ತೆರೆಯಿರಿ. ಮೇಲೆ ಮೂಲೆಯಲ್ಲಿರುವ ಅವನ ಚಿತ್ರ ಒತ್ತಿ. ಪಾವತಿ ಮತ್ತು ಸಬ್‌ಸ್ಕ್ರಿಪ್ಷನ್ ಎಂಬ ಕಡೆ ಹೋದರೆ ಬಜೆಟ್ ಮತ್ತು ಹಿಸ್ಟರಿ ಅಂತ ಇದೆ. ಯಾವ ದಿನ, ಯಾವ ಗೇಮಿಗೆ, ಎಷ್ಟು ಎಲ್ಲ ಅಲ್ಲಿದೆ. ತಿಂಗಳಿಗೆ ಇಂತಿಷ್ಟು ಎಂಬ ಬಜೆಟ್ ಕೂಡ ಅಲ್ಲೇ ಹಾಕಬಹುದು. ಬಜೆಟ್ ದಾಟಿದರೆ ಅದು ತಿಳಿಸುತ್ತದೆ ಅಷ್ಟೆ, ಖರೀದಿಯನ್ನು ತಡೆಯುವುದಿಲ್ಲ. ಪ್ಲೇಯರ್ ಐಡಿ ಕೊಟ್ಟು ಬೇರೆ ವೆಬ್‌ಸೈಟಿನಲ್ಲಿ ಮಾಡಿಸಿದ ಟಾಪ್‌ಅಪ್ ಅಲ್ಲಿ ಕಾಣುವುದಿಲ್ಲ. ಅದಕ್ಕೆ ಯುಪಿಐ ಲೆಕ್ಕವನ್ನೂ ನೋಡಿ. ಬೈಯಲು ಕೂರಬೇಡಿ. ಆ ಮೊತ್ತ ನೋಡಿ ನಿಮಗಿಂತ ಮೊದಲು ಅವನೇ ಬೆಚ್ಚಬಹುದು.

ಪ್ರಶ್ನೆ: ಸರ್, ನನ್ನದು ಮೊಬೈಲ್ ಅಂಗಡಿ. ಗೇಮ್ ಆಡುವವರ ಹೆಡ್‌ಫೋನ್, ಕಂಟ್ರೋಲರ್ ಜಾಸ್ತಿ ಸ್ಟಾಕ್ ಮಾಡಬೇಕು ಅಂತಿದ್ದೇನೆ. ಒಂದು ಆನ್‌ಲೈನ್ ಸಮೀಕ್ಷೆಯಲ್ಲಿ ಲಕ್ಷಕ್ಕೂ ಮೇಲೆ ಜನ ಉತ್ತರ ಕೊಟ್ಟಿದ್ದಾರಂತೆ, ಎಲ್ಲರೂ ಖರ್ಚು ಹೆಚ್ಚಿಸುತ್ತೇವೆ ಅಂದಿದ್ದಾರಂತೆ. ಅಷ್ಟು ಜನ ಹೇಳಿದ ಮೇಲೆ ನಂಬಬಹುದಲ್ವಾ?
— ಉಪ್ಪಳದ ವ್ಯಾಪಾರಿ

ಉತ್ತರ: ಬೇಡ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 23 ಲಕ್ಷದಷ್ಟು ವಾಪಸ್ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಹೆಸರುಗಳನ್ನು ಟೆಲಿಫೋನ್ ಪುಸ್ತಕ, ಕಾರಿನ ನೋಂದಣಿಯಂಥ ಪಟ್ಟಿಗಳಿಂದ ತೆಗೆದಿದ್ದರು. ಆ ಕಾಲದಲ್ಲಿ ಫೋನು, ಕಾರು ಯಾರ ಹತ್ತಿರ ಇದ್ದವು? ಸಾಲದ್ದಕ್ಕೆ, ಶ್ರಮಪಟ್ಟು ತುಂಬಿ ಕಳಿಸಿದವರೂ ಬೇರೆ ಥರದವರು. ಅದೇ ಚುನಾವಣೆಯಲ್ಲಿ ಸಮೀಕ್ಷೆ ಮಾಡುತ್ತಿದ್ದ ಜಾರ್ಜ್ ಗ್ಯಾಲಪ್ ಸುಮಾರು 50,000 ಜನರನ್ನು ಮಾತ್ರ ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ನಿಮ್ಮ ಸಮೀಕ್ಷೆಯ ಲಿಂಕ್ ಎಲ್ಲಿ ಓಡಾಡಿರುತ್ತದೆ? ಗೇಮಿನ ಗ್ರೂಪುಗಳಲ್ಲಿ, ಕೂಪನ್ ಸಿಗುತ್ತದೆ ಎಂಬ ಆಸೆಯ ಜೊತೆ. ತಿಂಗಳಿಗೊಮ್ಮೆ ಆಡುವವನು ಅದನ್ನು ತೆರೆಯುವುದೇ ಇಲ್ಲ. ಜೊತೆಗೆ, "ಮುಂದೆ ಖರ್ಚು ಮಾಡ್ತೀರಾ" ಎಂಬ ಪ್ರಶ್ನೆಗೆ ಬರುವ ಉತ್ತರ ಆಸೆಯ ಮಾತು. ಅದರ ಮೇಲೆ ಸ್ಟಾಕ್ ಹಾಕಬೇಡಿ.

ಯಾರು ದುಡ್ಡು ಕೊಟ್ಟು ಮಾಡಿಸಿದ್ದು ಅಂತಲೂ ನೋಡಿ. ಅಮೆರಿಕದ ಎಂಟರ್‌ಟೈನ್‌ಮೆಂಟ್ ಸಾಫ್ಟ್‌ವೇರ್ ಅಸೋಸಿಯೇಷನ್ ವರ್ಷ ವರ್ಷ ವರದಿ ಹೊರಡಿಸುತ್ತದೆ. ಅದು ಗೇಮ್ ಕಂಪನಿಗಳದೇ ಸಂಘ. ಹಾಗಂತ ಅದರ ಅಂಕಿ ಸುಳ್ಳು ಅಂತಲ್ಲ. ಎಷ್ಟು ಜನ ಆಡುತ್ತಾರೆ ಎನ್ನುವುದನ್ನು ಜನರನ್ನು ಕೇಳಿ ಬರೆಯುತ್ತಾರೆ. ಒಟ್ಟು ಖರ್ಚಿನ ಅಂಕಿಯನ್ನು ಮಾರಾಟದ ಲೆಕ್ಕ ಇಡುವ ಸರ್ಕಾನಾ ಸಂಸ್ಥೆಯಿಂದ ತೆಗೆದುಕೊಳ್ಳುತ್ತಾರೆ. ಜನ ಬಾಯಲ್ಲಿ ಹೇಳಿದ ಲೆಕ್ಕ, ಬಿಲ್ ಆದ ಲೆಕ್ಕ ಎರಡನ್ನೂ ಬೇರೆ ಬೇರೆ ಇಟ್ಟು ಓದಬೇಕು.

ನಮ್ಮ ದೇಶದ ಹಳೆಯ ವರದಿಗಳಲ್ಲಿ ಇನ್ನೊಂದು ತೊಡಕಿದೆ. ಹಣ ಕಟ್ಟಿ ಆಡುವ ರಮ್ಮಿಯಂಥವನ್ನೂ ಸೇರಿಸಿ 'ಗೇಮಿಂಗ್' ಅಂತ ಒಂದೇ ಅಂಕಿ ಕೊಟ್ಟವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಅದಕ್ಕಿಂತ ಹಿಂದಿನ ಅಂಕಿಯನ್ನು ಈಗಿನದರ ಜೊತೆ ಹೋಲಿಸುವ ಮೊದಲು ಒಳಗೆ ಏನೇನು ಸೇರಿದೆ ನೋಡಿಕೊಳ್ಳಿ. ರಮ್ಮಿ ಆಡುವವನು ನಿಮ್ಮಲ್ಲಿ ಕಂಟ್ರೋಲರ್ ಕೊಳ್ಳಲು ಬರುವುದಿಲ್ಲ.

ನಿಮ್ಮ ಹತ್ತಿರ ಇದೆಲ್ಲಕ್ಕಿಂತ ಒಳ್ಳೆಯ ದಾಖಲೆ ಇದೆ, ನಿಮ್ಮ ಬಿಲ್ ಬುಕ್ಕು. ಹೋದ ಒಂದು ವರ್ಷದ್ದನ್ನು ತಿಂಗಳುವಾರು ಬರೆದು ನೋಡಿ. ಕೇಳಿಕೊಂಡು ಬಂದು ಸಿಗದೆ ಹೋದವರಿಗೂ ಒಂದು ಗೀಟು ಹಾಕುತ್ತಾ ಬನ್ನಿ. ಮೂರು ತಿಂಗಳಲ್ಲಿ ಚಿತ್ರ ಸಿಗುತ್ತದೆ.

ಪ್ರಶ್ನೆ: ಸರ್, ಡಿಗ್ರಿ ಪ್ರಾಜೆಕ್ಟಿಗೆ ನಮ್ಮೂರಿನ ಮನೆಗಳಲ್ಲಿ ಗೇಮ್ ಖರ್ಚಿನ ಸಮೀಕ್ಷೆ ಮಾಡಬೇಕು ಅಂತಿದ್ದೇನೆ. ಪ್ರಶ್ನೆಪತ್ರಿಕೆ ಹೇಗೆ ಮಾಡಲಿ?
— ಕುಂಬಳೆಯ ವಿದ್ಯಾರ್ಥಿನಿ

ಉತ್ತರ: ಮಗಳೇ, ಮೊದಲು ಭಾಷೆ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಿದ್ಧವಾಗಿರುವ ಪತ್ರಿಕೆಯನ್ನು ಪದಕ್ಕೆ ಪದ ಕನ್ನಡ ಮಾಡಬೇಡ. "ಆಟಕ್ಕೆ ಎಷ್ಟು ಖರ್ಚು ಮಾಡುತ್ತೀರಿ" ಅಂತ ನಾನೊಮ್ಮೆ ಒಬ್ಬ ಅಜ್ಜನನ್ನು ಕೇಳಿದ್ದೆ. "ಈ ವರ್ಷ ಆಟ ಆಡಿಸಲಿಲ್ಲ, ಮುಂದಿನ ವರ್ಷ ಹರಕೆ ಇದೆ" ಅಂದರು. ನಮ್ಮ ಊರಲ್ಲಿ ಆಟ ಅಂದರೆ ಯಕ್ಷಗಾನ ಎಂಬುದು ಪ್ರಶ್ನೆ ಬರೆದ ನನಗೇ ಮರೆತುಹೋಗಿತ್ತು! 'ಮೊಬೈಲ್ ಗೇಮ್' ಅಂತಲೇ ಬರೆ.

"ಕಳೆದ ತಿಂಗಳು" ಅಂತಲೂ ಬರೆಯಬೇಡ. ಕೆಲವರು ಕ್ಯಾಲೆಂಡರಿನ ತಿಂಗಳು ಲೆಕ್ಕ ಹಾಕುತ್ತಾರೆ, ಕೆಲವರು ಹಿಂದಿನ 30 ದಿನ. ಇದು ಸಣ್ಣ ವಿಷಯವಲ್ಲ. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಊಟದ ಖರ್ಚನ್ನು 7 ದಿನದ ಲೆಕ್ಕದಲ್ಲಿ ಕೇಳಿದಾಗ 30 ದಿನದ ಲೆಕ್ಕಕ್ಕಿಂತ ಜಾಸ್ತಿ ಬಂತು. 1999–2000ರ 55ನೇ ಸುತ್ತಿನಲ್ಲಿ ಎರಡನ್ನೂ ಒಬ್ಬರ ಹತ್ತಿರವೇ ಅಕ್ಕಪಕ್ಕ ಕೇಳಿದರು. ಒಂದು ಉತ್ತರದ ಪ್ರಭಾವ ಇನ್ನೊಂದರ ಮೇಲೆ ಬಿತ್ತು. ದೇಶದಲ್ಲಿ ಬಡತನ ಎಷ್ಟು ಇಳಿಯಿತು ಎನ್ನುವುದೇ ವರ್ಷಗಟ್ಟಲೆ ವಾದಕ್ಕೆ ಸಿಕ್ಕಿಕೊಂಡಿತು. ನೀನು ಒಂದೇ ಅವಧಿ ಹಿಡಿ, ತಾರೀಖು ಹೇಳಿ ಕೇಳು.

ಪ್ರಶ್ನೆಗಳು ಕಡಿಮೆ ಇರಲಿ. 2022–23ರ ಮನೆಖರ್ಚಿನ ಸಮೀಕ್ಷೆಯಲ್ಲಿ 2,61,746 ಮನೆಗಳಿಗೆ ಹೋದವರು ಎಲ್ಲವನ್ನೂ ಒಂದೇ ಸಲ ಕೇಳಲಿಲ್ಲ. ಪಟ್ಟಿಯನ್ನು ಭಾಗ ಮಾಡಿ ಒಂದೊಂದು ಮನೆಗೆ ಮೂರು ಸಲ ಹೋದರು. ದೀರ್ಘ ಪಟ್ಟಿಗೆ ಜನ ಬಳಲುತ್ತಾರೆ, ಕೊನೆಕೊನೆಗೆ "ಇಲ್ಲ, ಇಲ್ಲ" ಅನ್ನುತ್ತಾ ಹೋಗುತ್ತಾರೆ.

ಸೊನ್ನೆಗೆ ಒಂದು ಚೌಕ ಇಡು, "ಗೊತ್ತಿಲ್ಲ"ಕ್ಕೆ ಇನ್ನೊಂದು. ಬೇರೆಯವರು ಹಾಕಿಸಿದ ಟಾಪ್‌ಅಪ್ಪಿಗೆ ಮೂರನೆಯದು. ಹುಡುಗರು ತಾವೇ ಬರೆದು ಮಡಚಿ ಡಬ್ಬಿಗೆ ಹಾಕುವ ಹಾಗೆ ಮಾಡು. ಮನಸ್ಸಿದ್ದವರು ಫೋನು ತೆರೆದು ನೋಡಿ ಬರೆಯಲಿ. ಹಾಗೆ ನೋಡಿ ಬರೆದವರ ಕಾಗದಕ್ಕೆ ಒಂದು ಗುರುತು ಇರಲಿ. ನೆನಪಿನಿಂದ ಬರೆದವರಿಗೂ ಅವರಿಗೂ ಎಷ್ಟು ಅಂತರ ಇದೆ ಎನ್ನುವುದೇ ನಿನ್ನ ಪ್ರಾಜೆಕ್ಟಿನ ಒಳ್ಳೆಯ ಭಾಗ ಆದೀತು. ಅಚ್ಚು ಹಾಕಿಸುವ ಮೊದಲು ನಿನ್ನ ಅಜ್ಜಿಯ ಹತ್ತಿರ, ತಮ್ಮನ ಹತ್ತಿರ ಒಮ್ಮೆ ಓದಿಸು. ಅವರು ಎಲ್ಲಿ "ಹಾಂ?" ಅಂತ ತಲೆ ಎತ್ತುತ್ತಾರೋ ಆ ಪ್ರಶ್ನೆ ತಿದ್ದಿ ನನಗೂ ಒಂದು ಪ್ರತಿ ಕಳಿಸು, ನೋಡಿ ಹೇಳುತ್ತೇನೆ.