ಏಪ್ರಿಲ್ ಬಂದರೆ ಮಗಳ ಫೋನೇ ಇಲ್ಲ

ಪ್ರಶ್ನೆ: ನನ್ನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿ ಸರ್ಕಾರಿ ಶಾಲೆಯ ವಿಶೇಷ ಮಕ್ಕಳ ಟೀಚರ್. ಪ್ರತಿವರ್ಷ ಯುಗಾದಿ ಕಳೆಯುತ್ತಿದ್ದಂತೆ ಅವಳ ಫೋನ್ ಅಪರೂಪವಾಗುತ್ತದೆ. ಮಾಡಿದರೂ ‘ಟೆಸ್ಟಿಂಗ್ ಅಮ್ಮಾ, ಸುಸ್ತು’ ಎಂದು ಇಟ್ಟುಬಿಡುತ್ತಾಳೆ. ಪ್ರಶ್ನೆಪತ್ರಿಕೆ ಹೇಗಿತ್ತು ಅಂದರೆ ಬಾಯಿ ಬಿಡುವುದಿಲ್ಲ. ನಾನೂ ಮೂವತ್ತು ವರ್ಷ ಪಾಠ ಮಾಡಿದವಳು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸೂಪರ್‌ವಿಷನ್ ಹೋದವಳು. ಬರೆಯುವವರು ಮಕ್ಕಳು, ಇವಳಿಗೇಕೆ ಇಷ್ಟು ಆಯಾಸ? ನನ್ನಿಂದ ಏನಾದರೂ ಮುಚ್ಚಿಡುತ್ತಿದ್ದಾಳೆಯೇ?
— ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಮೇಡಂ, ಪ್ರಶ್ನೆಪತ್ರಿಕೆಯ ವಿಷಯವನ್ನು ನಿಮ್ಮ ಮಗಳು ಮುಚ್ಚಿಡಲೇಬೇಕು. ಟೆಕ್ಸಾಸ್‌ನಲ್ಲಿ ಈ ಪರೀಕ್ಷೆಗೆ ಸ್ಟಾರ್ ಎನ್ನುತ್ತಾರೆ. ನಡೆಸಿಕೊಡುವ ಪ್ರತಿ ಟೀಚರೂ ಗುಟ್ಟು ಕಾಯುತ್ತೇನೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ತಪ್ಪಿದರೆ ಟೀಚರ್ ಸರ್ಟಿಫಿಕೇಟಿಗೇ ಕುತ್ತು. ನಾನೂ ಹನ್ನೊಂದು ವರ್ಷದಿಂದ ಅಲ್ಲೇ ಇದೇ ಕೆಲಸದಲ್ಲಿದ್ದೇನೆ. ಮನೆಯವರಿಗೂ ಒಂದು ಪ್ರಶ್ನೆ ಹೇಳಿದವಳಲ್ಲ.

ಇನ್ನು ಆಯಾಸದ ಮಾತು. ನೀವು ಸೂಪರ್‌ವಿಷನ್‌ಗೆ ಹೋದ ಕೊಠಡಿಯಲ್ಲಿ ಬೇರೆ ಶಾಲೆಯ ಮಕ್ಕಳಿದ್ದರು, ಅಲ್ಲವೇ? ನಮ್ಮ ಮುಂದೆ ಕೂರುವುದು ನಮ್ಮದೇ ಮಕ್ಕಳು. ಆಗಸ್ಟ್‌ನಿಂದ ಪಕ್ಕದಲ್ಲಿ ಕೂರಿಸಿಕೊಂಡು, ಪದಪದಕ್ಕೂ ಬೆರಳಿಟ್ಟು ಓದಿಸಿದವರು. 2015ರ ಕೇಂದ್ರ ಕಾನೂನಿನ ಪ್ರಕಾರ 3ರಿಂದ 8ನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ಆಗಲೇಬೇಕು, ವಿಶೇಷ ಮಕ್ಕಳಿಗೂ. ತೀವ್ರ ಬೌದ್ಧಿಕ ತೊಂದರೆ ಇರುವವರಿಗೆ ಬೇರೆ ಪರೀಕ್ಷೆ ಉಂಟು. ಆದರೆ ಇಡೀ ರಾಜ್ಯದಲ್ಲಿ ಪರೀಕ್ಷೆ ಬರೆಯುವವರಲ್ಲಿ ಶೇ 1ರಷ್ಟು ಮಕ್ಕಳನ್ನು ಮೀರಿ ಅದಕ್ಕೆ ಸೇರಿಸುವಂತಿಲ್ಲ. ಉಳಿದವರೆಲ್ಲ ಎಲ್ಲರ ಪತ್ರಿಕೆಯನ್ನೇ ಬರೆಯಬೇಕು. ಐದನೇ ತರಗತಿಯ ಹುಡುಗ ಎರಡನೇ ತರಗತಿಯ ಪುಸ್ತಕವನ್ನು ಈಗಷ್ಟೇ ತಡವರಿಸದೆ ಓದುತ್ತಿದ್ದರೂ ಅವನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದು ಐದನೆಯದೇ.

ಯಾರಿಗೆ ಹೆಚ್ಚು ಸಮಯ, ಯಾರಿಗೆ ಸಣ್ಣ ಕೊಠಡಿ, ಯಾರಿಗೆ ಕಂಪ್ಯೂಟರೇ ಓದಿ ಹೇಳಬೇಕು ಎಂಬುದನ್ನೆಲ್ಲ ತಂದೆತಾಯಿಯನ್ನು ಕೂರಿಸಿಕೊಂಡು ಮೊದಲೇ ಸಭೆಯಲ್ಲಿ ತೀರ್ಮಾನಿಸಿರುತ್ತಾರೆ. ಅದು ಒಬ್ಬೊಬ್ಬ ಮಗುವಿಗೂ ಸರಿಯಾಗಿ ಸೇರಿದೆಯೇ ಎಂದು ನೋಡುವುದು ಟೀಚರ್ ಕೆಲಸ. ಒಂದು ಟಿಕ್ ತಪ್ಪಿದರೆ ಮಗು ಹೆಡ್‌ಫೋನ್ ಹಾಕಿಕೊಂಡು ಮೌನವನ್ನೇ ಕೇಳುತ್ತಾ ಕೂರುತ್ತದೆ. ನಾನು ಪಟ್ಟಿಯನ್ನು ರಾತ್ರಿ ಎರಡು ಸಲ ನೋಡದೆ ಮಲಗುವುದಿಲ್ಲ.

ಹಿಂದಿನ ದಿನ ಗೋಡೆಯ ಮಗ್ಗಿ, ಅಕ್ಷರಮಾಲೆ ಎಲ್ಲಕ್ಕೂ ಕಾಗದ ಹೊದಿಸಬೇಕು. ಆಟಿಸಂ ಇರುವ ನನ್ನ ಹುಡುಗನೊಬ್ಬ ಬೆಳಿಗ್ಗೆ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಮೆಲ್ಲನೆ ಗೋಡೆಯ ಹತ್ತಿರ ಹೋಗಿ, ಕಾಗದದ ಅಂಚನ್ನು ಉಗುರಿನಿಂದ ಎಬ್ಬಿಸಿ, ಅಡಿಯಲ್ಲಿ ತನ್ನ ಹೆಸರಿನ ಚೀಟಿ ಇದೆಯೇ ಎಂದು ಇಣುಕಿ ನೋಡಿದ. ಇತ್ತು. ಬಂದು ಕೂತ. ಅರ್ಧ ಗಂಟೆ ಕಳೆದ ಮೇಲೆ ಕೈ ಎತ್ತಿ, ‘ಮಿಸ್, ಇದು ಸರೀನಾ?’ ಎಂದ. ವರ್ಷವಿಡೀ ಆ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು. ಅವತ್ತು ಮಾತ್ರ ‘ನಿನ್ನ ಕೈಲಾದಷ್ಟು ಮಾಡು’ ಎಂದಷ್ಟೇ ಹೇಳಬಹುದಿತ್ತು. ತಲೆಯಾಡಿಸುವಂತಿಲ್ಲ, ನಗುವಂತಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ನಾನು ಕಿಟಕಿ ನೋಡಿದೆ.

ಬೇರೆ ಪರೀಕ್ಷೆ ಅಂದೆನಲ್ಲ, ಅದು ಒಂದು ಮಗುವಿಗೆ ಒಬ್ಬ ಟೀಚರ್. ಮಾತು ಬಾರದ ನನ್ನ ಹುಡುಗಿ ಚಿತ್ರವನ್ನು ಕಣ್ಣಿಂದ ತೋರಿಸುತ್ತಾಳೆ. ಅವಳ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗಿ ನಿಲ್ಲುವ ತನಕ ನಾನು ಉಸಿರು ಹಿಡಿದು ಕೂರುತ್ತೇನೆ. ನಿಲ್ಲುವುದು ತಪ್ಪು ಚಿತ್ರದ ಮೇಲಾದರೂ ಮುಖದ ಒಂದು ಗೆರೆ ಅಲುಗಬಾರದು. ಸಂಜೆ ಮನೆಗೆ ಬಂದರೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ.

ಈ ಮಕ್ಕಳನ್ನು ಪರೀಕ್ಷೆಯಿಂದ ಹೊರಗಿಡಿ ಎನ್ನುವವಳಲ್ಲ ನಾನು. ಅಲ್ಲಿ 1975ರಲ್ಲಿ ಕಾನೂನು ಬರುವ ತನಕ ಇಂಥ ಲಕ್ಷಾಂತರ ಮಕ್ಕಳಿಗೆ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಲೆಕ್ಕಕ್ಕೆ ಹಿಡಿಯಲಿ. ಆದರೆ ಎರಡು ವರ್ಷದ ಓದನ್ನು ಒಂದೇ ವರ್ಷದಲ್ಲಿ ದಾಟಿದ ಮಗುವಿನ ಫಲಿತಾಂಶದಲ್ಲೂ ‘ತರಗತಿಯ ಮಟ್ಟ ತಲುಪಿಲ್ಲ’ ಎಂದು ಇರುತ್ತದಲ್ಲ, ಅದನ್ನು ತಾಯಿಯ ಕೈಗೆ ಕೊಡುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ನೀವು ಒಂದು ಕೆಲಸ ಮಾಡಿ. ಏಪ್ರಿಲ್‌ನಲ್ಲಿ ನೀವೇ ಫೋನ್ ಮಾಡಿ. ಅವಳಿಗೆ ಸಂಜೆ ಏಳು ಅಂದರೆ ನಿಮಗೆ ಮರುದಿನ ಬೆಳಗಿನ ಐದೂವರೆ, ನೀವು ಹೇಗೂ ಎದ್ದಿರುವ ಹೊತ್ತು. ಪರೀಕ್ಷೆಯ ಸುದ್ದಿ ಎತ್ತಬೇಡಿ. ಊಟ ಆಯಿತಾ ಅನ್ನಿ, ತೋಟದ ವಿಷಯ, ಮಳೆ ಬಂತೋ ಇಲ್ಲವೋ, ನೀವೇ ಹೇಳುತ್ತಾ ಹೋಗಿ. ಅವಳು ಹೂಂಗುಟ್ಟಿದರೆ ಸಾಕು. ಒಂದು ಭಾನುವಾರ ಮಾತ್ರ ‘ನಿನ್ನ ಮಕ್ಕಳಲ್ಲಿ ಯಾರು ಈ ವರ್ಷ ಹೊಸದಾಗಿ ಏನು ಕಲಿತರು?’ ಎಂದು ಕೇಳಿ ನೋಡಿ. ಅವತ್ತು ಫೋನ್ ಇಡಬೇಕಾದವರು ನೀವೇ.