ಓದುಗರ ಪ್ರಶ್ನೆ: ಅಲಾಸ್ಕಾದ ಹಿಮನದಿಗೆ ಒಂದು ದಿನದ ಬೋಟ್ ಪಯಣ

ಪ್ರಶ್ನೆ: ಮಗ ಸಿಯಾಟಲ್‌ನಲ್ಲಿದ್ದಾನೆ. ಜುಲೈನಲ್ಲಿ ನಮ್ಮಿಬ್ಬರನ್ನೂ ಅಲಾಸ್ಕಾಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಸೂವರ್ಡ್ ಎಂಬ ಊರಿನಿಂದ ನಾಲ್ಕು, ಆರು, ಎಂಟೂವರೆ ಗಂಟೆಯ ಬೋಟ್‌ಗಳಿವೆ ಎನ್ನುತ್ತಾನೆ. ನಮಗೆ ಅರವತ್ತು ದಾಟಿದೆ. ಯಾವುದಕ್ಕೆ ಹೋಗುವುದು?
– ಓದುಗರು, ದಾವಣಗೆರೆ

ಉತ್ತರ: ಆರು ಗಂಟೆಯದಕ್ಕೇ ಹೋಗಿ. ವಯಸ್ಸಾಯಿತೆಂದು ನಾಲ್ಕು ಗಂಟೆಯದನ್ನು ಹಿಡಿಯುವವರು ಬಹಳ. ಆದರೆ ಆ ಬೋಟ್ ರಿಸರೆಕ್ಷನ್ ಕೊಲ್ಲಿಯೊಳಗೇ ಸುತ್ತಿ ವಾಪಸ್ಸಾಗುತ್ತದೆ. ನೀರುನಾಯಿ, ಕಡಲಸಿಂಹ, ಹದ್ದು ಕಾಣಬಹುದು. ಸಮುದ್ರಕ್ಕೇ ಬಂದು ಬೀಳುವ ಹಿಮನದಿಯ ಎದುರು ಮಾತ್ರ ಅದು ನಿಲ್ಲುವುದಿಲ್ಲ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬರಬಾರದು.

ಆರು ಗಂಟೆಯ ಬೋಟ್ ಭೂಶಿರವನ್ನು ಬಳಸಿ ಐಯಾಲಿಕ್ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಹೋಲ್ಗೇಟ್ ಅಥವಾ ಐಯಾಲಿಕ್ ಹಿಮನದಿಯ ಮುಂದೆ ನಿಲ್ಲುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಅಂದಿನ ಗಾಳಿ ಮತ್ತು ತೇಲುವ ಮಂಜುಗಡ್ಡೆ ನೋಡಿ ಕ್ಯಾಪ್ಟನ್ ತೀರ್ಮಾನಿಸುತ್ತಾರೆ. ಇದೆಲ್ಲ 1980ರಲ್ಲಿ ಘೋಷಣೆಯಾದ ಕೀನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನ. ಫ್ಯೋರ್ಡ್ ಎಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕೊಲ್ಲಿ. ಬೆಟ್ಟದ ಮೇಲಿನ ಹಾರ್ಡಿಂಗ್ ಹಿಮಹಾಸು ಸುಮಾರು 1,800 ಚದರ ಕಿ.ಮೀ. ಹರಡಿದೆ, ಸುತ್ತಲಿನ 40ರ ಹತ್ತಿರ ಹಿಮನದಿಗಳು ಅದರಿಂದಲೇ ಇಳಿಯುತ್ತವೆ. ಎಂಟೂವರೆ ಗಂಟೆಯ ಬೋಟ್ ಇನ್ನೂ ಆಚೆ, ನಾರ್ತ್‌ವೆಸ್ಟರ್ನ್ ಫ್ಯೋರ್ಡ್‌ಗೆ ಹೋಗುತ್ತದೆ. ನೋಟ ಸೊಗಸು, ಆದರೆ ತೆರೆದ ಸಮುದ್ರದ ದಾರಿ ಹೆಚ್ಚು. ಮೊದಲ ಸಲ ಸಮುದ್ರಕ್ಕಿಳಿಯುವವರಿಗೆ ಅದು ಬೇಡ.

ಪ್ರಶ್ನೆ: ಆಗುಂಬೆ ಘಾಟಿಯಲ್ಲೇ ನನಗೆ ವಾಂತಿಯಾಗುತ್ತದೆ. ಸಮುದ್ರದಲ್ಲಿ ಆರು ಗಂಟೆ ತಡೆದೇನೇ?
– ಓದುಗರು, ಹರಿಹರ

ಉತ್ತರ: ಆರು ಗಂಟೆಯೂ ಅಲೆಯಿರುವುದಿಲ್ಲ. ಕೊಲ್ಲಿಗಳ ಎರಡೂ ಬದಿಗೆ ಬೆಟ್ಟವಿರುವುದರಿಂದ ಒಳಗಿನ ನೀರು ಸಾಮಾನ್ಯವಾಗಿ ಶಾಂತ. ಭೂಶಿರ ಬಳಸುವಾಗ ಅಲಾಸ್ಕಾ ಖಾರಿಯ ಅಲೆ ನೇರವಾಗಿ ಬಡಿಯುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಜನ ಕೆಡುವುದು ಅಲ್ಲೇ.

ಹೆಚ್ಚಿನವರು ಮಾಡುವ ತಪ್ಪೆಂದರೆ, ಹೊಟ್ಟೆ ತೊಳೆಸಲು ಶುರುವಾದ ಮೇಲೆ ಮಾತ್ರೆ ನುಂಗುವುದು. ಆಗ ಹೊಟ್ಟೆ ತನ್ನ ಕೆಲಸ ನಿಧಾನಿಸಿರುತ್ತದೆ, ಮಾತ್ರೆ ಮೈಗೆ ಹತ್ತುವುದಿಲ್ಲ, ವಾಂತಿಯಲ್ಲಿ ಹೊರಗೂ ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಮೆಕ್ಲಿಜಿನ್ 25 ಮಿ.ಗ್ರಾಂ.; ಬೋಟ್ ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ. ಗ್ಲಾಕೋಮಾ, ಆಸ್ತಮಾ, ಪ್ರಾಸ್ಟೇಟ್ ತೊಂದರೆ ಇರುವವರು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಿ.

ಬೋಟಿನ ಮುಂಭಾಗ ಏರಿಳಿಯುವಷ್ಟು ನಡುಭಾಗ, ಹಿಂಭಾಗ ಏರಿಳಿಯುವುದಿಲ್ಲ. ಆದ್ದರಿಂದ ಕೆಳಗಿನ ಅಂತಸ್ತಿನಲ್ಲಿ ನಡುವೆ ಕೂರಿ. ಅಲೆಯಿರುವಾಗ ಮೊಬೈಲ್, ದುರ್ಬೀನು ಎರಡನ್ನೂ ಕೆಳಗಿಟ್ಟು ದಿಗಂತ ನೋಡಿ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟ ಹೇಳುತ್ತಿರುವಾಗ ಕಣ್ಣು ಅಲುಗದ ಪರದೆ ನೋಡುತ್ತಿದ್ದರೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಖಾಲಿ ಹೊಟ್ಟೆಯೂ ಕೆಟ್ಟದ್ದು. ಒಗ್ಗರಣೆಯಿಲ್ಲದ ಒಣ ಮಂಡಕ್ಕಿ ಎರಡು ಹಿಡಿ ತಿನ್ನಿ. ಮಿರ್ಚಿಯನ್ನು ದಾವಣಗೆರೆಗೆ ಬಂದ ಮೇಲೆ ತಿನ್ನಬಹುದು. ಊಟ ಬೋಟ್‌ನಲ್ಲೇ ಕೊಡುವುದಾದರೆ ಸಸ್ಯಾಹಾರ ಬೇಕೆಂದು ಬುಕ್ ಮಾಡುವಾಗಲೇ ತಿಳಿಸಿ.

ಪ್ರಶ್ನೆ: ಬೇಸಿಗೆ ಅಲ್ಲವೇ, ಸ್ವೆಟರ್ ಸಾಕೇ? ಸೀರೆ ಉಡಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಸ್ವೆಟರ್ ಒಂದೇ ಸಾಲದು. ಜುಲೈನಲ್ಲೂ ಊರಿನೊಳಗೆ 15 ಡಿಗ್ರಿಯ ಆಸುಪಾಸು. ಹಿಮನದಿಯ ಮೇಲಿಂದ ಬರುವ ಗಾಳಿ ಅದಕ್ಕಿಂತ ಬಹಳ ಕೊರೆಯುತ್ತದೆ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆ, ಹೊರಗೆ ಗಾಳಿ-ಮಳೆ ತಡೆಯುವ ಟೋಪಿಯುಳ್ಳ ಜಾಕೆಟ್. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಬೆರಳಾಡಿಸಲು ಬರುವ ತೆಳು ಕೈಗವಸು ಮರೆಯಬೇಡಿ. ಸೀರೆ ಬೇಡ ತಾಯಿ. ಡೆಕ್ಕಿನ ಮೆಟ್ಟಿಲು ಕಡಿದು, ಒದ್ದೆ, ಗಾಳಿಗೆ ಸೆರಗು ನಿಲ್ಲುವುದಿಲ್ಲ. ಪ್ಯಾಂಟ್, ಹಿಡಿತವಿರುವ ರಬ್ಬರ್ ಅಡಿಯ ಶೂ ಇರಲಿ.

ಪ್ರಶ್ನೆ: ಮಂಜು ಒಡೆದು ಬೀಳುವುದನ್ನು ವಿಡಿಯೋ ಮಾಡುವುದು ಹೇಗೆ? ಪ್ರಾಣಿಗಳು ಖಂಡಿತ ಕಾಣುತ್ತವೆಯೇ?
– ಓದುಗರು, ಹಿರಿಯೂರು

ಉತ್ತರ: ಸದ್ದು ಕೇಳಿ ಕ್ಯಾಮೆರಾ ಎತ್ತಿದರೆ ತಡವಾಯಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಬೋಟ್ 400 ಮೀಟರ್ ದೂರದಲ್ಲಿದ್ದರೂ ಗುಡುಗು ಕಿವಿಗೆ ಬೀಳುವಷ್ಟರಲ್ಲಿ ಗಡ್ಡೆ ಜಾರಿರುತ್ತದೆ. ಸಣ್ಣ ಚೂರುಗಳು ಉದುರುತ್ತಿರುವ ಜಾಗ ಗುರುತಿಸಿ, ಅಲ್ಲಿಗೇ ವಿಡಿಯೋ ಹಚ್ಚಿಟ್ಟು ಕಾಯಿರಿ. ದೊಡ್ಡದು ಹಲವು ಸಲ ಅಲ್ಲೇ ಬೀಳುತ್ತದೆ. ಗಡ್ಡೆ ನೀಲಿಯಾಗಿ ಕಂಡರೆ ಕ್ಯಾಮೆರಾ ಕೆಟ್ಟಿಲ್ಲ. ದಟ್ಟ ಮಂಜು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ.

ಪ್ರಾಣಿಗಳ ವಿಷಯದಲ್ಲಿ ಖಂಡಿತ ಎಂಬ ಮಾತಿಲ್ಲ. ಜುಲೈನಲ್ಲಿ ಚಿಸ್ವೆಲ್ ದ್ವೀಪಗಳ ಬಂಡೆಗಳಲ್ಲಿ ಸ್ಟೆಲ್ಲರ್ ಕಡಲಸಿಂಹ, ಪಫಿನ್ ಹಕ್ಕಿ ಸಿಗುವ ಸಾಧ್ಯತೆ ಬಹಳ. ಹಂಪ್‌ಬ್ಯಾಕ್ ತಿಮಿಂಗಿಲವೂ ಆಗ ಅಲ್ಲಿರುತ್ತದೆ. ಬೋಟ್ ಅದಕ್ಕೆ ಸುಮಾರು 90 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, ಅದು ಕಾನೂನು. ಹಿಮನದಿಯ ಮುಂದೆ ತೇಲುವ ಗಡ್ಡೆಗಳ ಮೇಲೆ ಸೀಲ್‌ಗಳು ಮರಿಗಳೊಂದಿಗೆ ಮಲಗಿರುತ್ತವೆ. ಅಲ್ಲಿ ಕೂಗಾಡಬೇಡಿ, ಮಕ್ಕಳಿಗೂ ಹೇಳಿ. ಗಾಬರಿಯಾಗಿ ತಾಯಿ ನೀರಿಗೆ ಹಾರಿದರೆ ಮರಿ ಬೇರ್ಪಡುವ ಅಪಾಯವಿದೆ.

ಪ್ರಶ್ನೆ: ಅಲಾಸ್ಕಾದ ದೊಡ್ಡ ನಗರ ಆಂಕರೇಜ್‌ನಿಂದ ಸೂವರ್ಡ್‌ಗೆ ಹೋಗಿ ಅಂದೇ ಮರಳಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಆಗುತ್ತದೆ, ಆದರೆ ದಣಿವು. ರಸ್ತೆಯಲ್ಲಿ ಸುಮಾರು 200 ಕಿ.ಮೀ., ಎರಡೂವರೆ ಗಂಟೆ; ರೈಲಿಗೆ ನಾಲ್ಕು ಗಂಟೆಗೂ ಹೆಚ್ಚು. ಹಿಂದಿನ ರಾತ್ರಿ ಸೂವರ್ಡ್‌ನಲ್ಲೇ ತಂಗಿ, ಮರುದಿನವನ್ನೂ ಖಾಲಿ ಇಟ್ಟುಕೊಳ್ಳಿ. ಹವಾಮಾನ ಕೆಟ್ಟು ಬೋಟ್ ರದ್ದಾದರೆ ಆ ದಿನ ಕೈಗೆ ಬರುತ್ತದೆ. ರದ್ದಾಗದಿದ್ದರೆ ಅಂದು ಎಕ್ಸಿಟ್ ಹಿಮನದಿಗೆ ಕಾರಿನಲ್ಲೇ ಹೋಗಬಹುದು. ಹಿಮನದಿ ಯಾವ ವರ್ಷ ಎಲ್ಲಿಯವರೆಗಿತ್ತು ಎಂಬ ಫಲಕಗಳನ್ನು ಆ ದಾರಿಯುದ್ದಕ್ಕೂ ನೆಟ್ಟಿದ್ದಾರೆ.