ಬೇಟೆ ಕೈತಪ್ಪುವ ಟರಾಂಟುಲಾಕ್ಕೆ ಉಣಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕದ್ರಿಯಲ್ಲಿದೆ. ನನ್ನ ಮಗ ನಾಲ್ಕು ವರ್ಷಗಳಿಂದ ಮೆಕ್ಸಿಕನ್ ರೆಡ್ ನೀ ಜಾತಿಯ ಹೆಣ್ಣು ಟರಾಂಟುಲಾವನ್ನು, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡವನ್ನು, ಸಾಕುತ್ತಿದ್ದಾನೆ. ಐದು ವಾರಗಳ ಹಿಂದೆ ಪೊರೆ ಕಳಚುವಾಗ ಅದರ ಮುಂದಿನ ಬಲಗಾಲು ಹಳೆಯ ಪೊರೆಯಲ್ಲೇ ಸಿಕ್ಕಿಕೊಂಡು ತುಂಡಾಯಿತು. ಆ ಮೇಲೆ ಅದು ಏನೂ ತಿಂದಿಲ್ಲ. ಜೀರುಂಡೆ ಬಿಟ್ಟರೆ ಮೇಲೆರಗುತ್ತದೆ, ಆದರೆ ಹಿಡಿತ ಸಿಗುವುದಿಲ್ಲ. ನಾವೇ ತಿನ್ನಿಸಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಐದು ವಾರಗಳ ಉಪವಾಸವು ಬೆಳೆದ ಟರಾಂಟುಲಾಕ್ಕೆ ಅಪಾಯವಲ್ಲ, ಅದರ ಹಿಂಭಾಗದ ಹೊಟ್ಟೆ ತುಂಬಿಕೊಂಡಿದ್ದು ಕುಡಿಯಲು ನೀರಿದ್ದರೆ ಅದು ತಿಂಗಳುಗಟ್ಟಲೆ ತಡೆದುಕೊಳ್ಳಬಲ್ಲದು. ಕಾಲುಗಳು ಹುಟ್ಟುವ ಮುಂಭಾಗಕ್ಕಿಂತ ಹೊಟ್ಟೆ ಚಿಕ್ಕದಾಗಿ ಸುಕ್ಕುಗಟ್ಟಿದ್ದರೆ ಮಾತ್ರ ಆತಂಕ ಪಡಬೇಕು. ಹಾಗಿದ್ದಲ್ಲಿ ಮೊದಲು ಬೇಕಾದದ್ದು ನೀರು, ಆಹಾರ ಆಮೇಲೆ. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಕಾಲನ್ನು ಚಾಚುವ ಸ್ನಾಯುಗಳೇ ಇಲ್ಲ. ದೇಹದ್ರವದ ಒತ್ತಡದಿಂದಲೇ ಅವು ಚಾಚಿಕೊಳ್ಳುತ್ತವೆ. ಆದುದರಿಂದ ಬಾಯಾರಿದ ಜೇಡಕ್ಕೆ ಎಂಟು ಕಾಲುಗಳಿದ್ದರೂ ಬೇಟೆ ತಪ್ಪುತ್ತದೆ. ಅಗಲವಾದ ಚಿಕ್ಕ ತಟ್ಟೆಯಲ್ಲಿ ಸದಾ ನೀರಿರಲಿ.

ಇನ್ನು ಕೋರೆಹಲ್ಲುಗಳನ್ನು ನೋಡಿ. ಜೇಡ ಗಾಜಿನ ಗೋಡೆಯನ್ನು ಏರಿದಾಗ ಟಾರ್ಚ್ ಹಿಡಿದರೆ ಅವು ಹೊರಗಿನಿಂದಲೇ ಕಾಣುತ್ತವೆ. ಪೊರೆ ಕಳಚಿದ ಹೊಸತರಲ್ಲಿ ಬೆಳ್ಳಗೆ ಮೆತ್ತಗಿದ್ದು, ಬಳಿಕ ಕೆಂಪಾಗಿ, ಗಟ್ಟಿಯಾದಾಗ ಕಪ್ಪಾಗುತ್ತವೆ. ಐದು ವಾರವಾದುದರಿಂದ ಎರಡೂ ಕಪ್ಪಾಗಿರಬೇಕು. ಕಾಲು ಸಿಕ್ಕಿಕೊಂಡಷ್ಟು ಕಷ್ಟದಲ್ಲಿ ಪೊರೆ ಕಳಚಿದ್ದರಿಂದ ಹಲ್ಲಿಗೂ ಪೆಟ್ಟಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಹಲ್ಲು ಸರಿಯಿದ್ದರೆ ಕಾರಣ ಕಾಲೇ. ಟರಾಂಟುಲಾಕ್ಕೆ ಎಂಟು ಕಣ್ಣುಗಳಿದ್ದರೂ ದೃಷ್ಟಿ ಬಲು ಮಂದ. ನೆಲದ ಕಂಪನವನ್ನೂ ಗಾಳಿಯ ಅಲುಗಾಟವನ್ನೂ ಕಾಲಿನ ರೋಮಗಳಿಂದಲೇ ಗ್ರಹಿಸಿ, ಮುಂಗಾಲುಗಳಿಂದ ಬೇಟೆಯನ್ನು ತನ್ನ ಕೆಳಕ್ಕೆ ಎಳೆದು ಅದುಮಿ ಹಲ್ಲು ಊರುತ್ತದೆ. ಒಂದು ಮುಂಗಾಲು ಇಲ್ಲವಾದಾಗ ಆ ಬದಿಯ ಜೀರುಂಡೆ ಜಿಗಿದು ಪಾರಾಗುವುದು ಸಹಜ. ಮುಂದಿನ ಪೊರೆಯೊಂದಿಗೆ ಹೊಸ ಕಾಲು ಬರುತ್ತದೆ, ಮೊದಲಿಗೆ ತುಸು ಸಣ್ಣದಾಗಿ, ಬಡಕಲಾಗಿ. ಅಲ್ಲಿಯವರೆಗೆ ಜೇಡದ ವೇಗವನ್ನು ಹೆಚ್ಚಿಸಲು ನಮ್ಮಿಂದಾಗದು, ಬೇಟೆಯ ವೇಗವನ್ನು ತಗ್ಗಿಸುವುದಂತೂ ಸುಲಭ.

ಜೀರುಂಡೆಯ ತಲೆಯನ್ನು ಇಕ್ಕುಳದಿಂದ ಅದುಮಿಬಿಡಿ. ಅದು ಜಿಗಿಯಲಾರದು, ಕಚ್ಚಲಾರದು, ಆದರೂ ಸ್ವಲ್ಪ ಹೊತ್ತು ಕಾಲಾಡಿಸುತ್ತಿರುತ್ತದೆ. ಜೇಡಕ್ಕೆ ಬೇಕಾದುದು ಆ ಮಿಡುಕಾಟವೇ. ರಾತ್ರಿ ದೀಪ ಮಂದಮಾಡಿ, ತುದಿ ಮೊಂಡಾಗಿರುವ ಉದ್ದನೆಯ ಇಕ್ಕುಳದಲ್ಲಿ ಅದನ್ನು ಹಿಡಿದು, ಉಳಿದಿರುವ ಎಡ ಮುಂಗಾಲಿನ ಎದುರು ಪೆಟ್ಟಿಗೆಯಲ್ಲಿ ಹಾಸಿದ ತೆಂಗಿನ ನಾರಿನ ಪುಡಿಯ ಮೇಲೆ ಮೆಲ್ಲಗೆ ಎಳೆಯಿರಿ. ಕಾಲಿನ ತುದಿಗೆ ತಾಗಿದರೆ ಸಾಕು, ಬಾಯಿಗೆ ತುರುಕಬೇಡಿ. ಹಿಡಿದ ಕ್ಷಣವೇ ಇಕ್ಕುಳವನ್ನು ಸಡಿಲಿಸಿ, ಏಕೆಂದರೆ ಲೋಹವನ್ನು ಕಚ್ಚಿ ಹಲ್ಲು ಮುರಿದುಕೊಂಡರೆ ಈಗಿನದಕ್ಕಿಂತ ದೊಡ್ಡ ಸಂಕಟ. ಅದು ಹಿಂದೆ ಸರಿದರೆ ಬೇಟೆಯನ್ನು ಗೂಡಿನ ಬಾಯಿಯಲ್ಲಿಟ್ಟು ಬಂದುಬಿಡಿ. ಸತ್ತ ಹುಳುವನ್ನೂ ಟರಾಂಟುಲಾ ತಿನ್ನುತ್ತದೆ. ಮೀಲ್‌ವರ್ಮ್ (ಸಾಕುಪ್ರಾಣಿಗಳ ಆಹಾರಕ್ಕೆ ಬಳಸುವ ಹುಳು) ಕೊಡುವುದಾದರೂ ತಲೆಯನ್ನು ಅದುಮಿಯೇ ಕೊಡಿ, ಇಲ್ಲವಾದರೆ ಅದು ಮಣ್ಣಿನೊಳಗೆ ಸೇರಿಕೊಳ್ಳುತ್ತದೆ. ಬರಿಗೈಯಿಂದ ತಿನ್ನಿಸುವುದು ಬೇಡವೇ ಬೇಡ. ಈ ಜಾತಿಯು ಹೊಟ್ಟೆಯ ಮೇಲಿನ ರೋಮಗಳನ್ನು ಒದ್ದು ಉದುರಿಸುತ್ತದೆ, ಅವು ಕಣ್ಣಿಗೆ ಬಿದ್ದರೆ ಬಹಳ ತೊಂದರೆ.

ತಿನ್ನದೆ ಬಿಟ್ಟ ಹುಳುವನ್ನು ಮರುದಿನ ಬೆಳಿಗ್ಗೆಯೇ ತೆಗೆಯಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಅದಕ್ಕೂ ಮೊದಲು ಇರುವೆಗಳ ಸಾಲು ಬರುತ್ತದೆ. ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುವಂತೆ ಜೇಡದ ಪೆಟ್ಟಿಗೆಯನ್ನೂ ಇಡಿ. ಇರುವೆಗೆ ಹಾಕುವ ಚಾಕ್ ಮತ್ತು ಸ್ಪ್ರೇ ಆ ಕೋಣೆಗೇ ಬರಬಾರದು. ಅಡುಗೆಮನೆಯ ಜಿರಳೆ, ಗದ್ದೆಯ ಮಿಡತೆಗಳನ್ನು ಹಿಡಿದು ಹಾಕುವುದೂ ಬೇಡ, ಅವುಗಳ ಮೈಯಲ್ಲಿ ಕೀಟನಾಶಕವಿರಬಹುದು.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಮಲೇರಿಯಾದ ಭಯದಿಂದ ಮಂಗಳೂರಿನ ಮನೆಗಳಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಯಂತ್ರಗಳ ಬಳಕೆ ಹೆಚ್ಚು, ಬೀದಿಯಲ್ಲಿ ಫಾಗಿಂಗ್ ಕೂಡ ನಡೆಯುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳು ಕೀಟಗಳ ನರಗಳಂತೆ ಜೇಡದ ನರಗಳನ್ನೂ ಕೆಡಿಸುತ್ತವೆ. ನಿಮ್ಮ ಜೇಡ ಬೇಟೆ ತಪ್ಪುವುದಷ್ಟೇ ಅಲ್ಲದೆ ನಡೆಯುವಾಗ ಕಾಲುಗಳನ್ನು ಜಗ್ಗಿ ಜಗ್ಗಿ ಇಡುತ್ತಿದ್ದರೆ, ನಡುಗುತ್ತಿದ್ದರೆ, ತುಂಡಾದ ಕಾಲಿನ ಮೇಲೆ ದೂರು ಹೊರಿಸದೆ ಕೂಡಲೇ ಅದನ್ನು ಗಾಳಿಯಾಡುವ ಬೇರೆ ಕೋಣೆಗೆ ಒಯ್ದು, ಹಾಸನ್ನೂ ನೀರನ್ನೂ ಬದಲಿಸಿ. ಮಗನ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟುವುದು ಇಬ್ಬರಿಗೂ ಹಿತ.

ಒಂದು ವೇಳೆ ಹಲ್ಲುಗಳೇ ಮುರಿದಿದ್ದರೆ, ಜೀರುಂಡೆಯನ್ನು ಪೂರ್ತಿ ಜಜ್ಜಿ, ಅದರ ರಸಕ್ಕೆ ಒಂದೆರಡು ಹನಿ ನೀರು ಬೆರೆಸಿ, ಚಿಕ್ಕ ಮುಚ್ಚಳದಲ್ಲಿ ಅದರ ಬಾಯಿಯ ಕೆಳಗೆ ಬರುವಂತೆ ಇಡಿ. ಟರಾಂಟುಲಾ ಆಹಾರವನ್ನು ಹೊರಗೇ ಕರಗಿಸಿಕೊಂಡು ಹೀರುವ ಪ್ರಾಣಿಯಾದುದರಿಂದ ಹಲ್ಲಿಲ್ಲದೆಯೂ ಇದನ್ನು ಹೀರಬಲ್ಲದು. ಹಲ್ಲುಗಳೂ ಮುಂದಿನ ಪೊರೆಯೊಂದಿಗೆ ಮರಳಿ ಬರುತ್ತವೆ. ಬೆಳೆದ ಹೆಣ್ಣಿಗೆ ಅದಕ್ಕೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೀಗೆ ಉಣಿಸಿದರೆ ಸಾಕು.